ಎರಡನೆಯ ಚಿಕ್ಕಿ

ನಮ್ಮ ಊರಿನಲ್ಲಿ ಆಕಾಶದ ಚಿಕ್ಕಿ ಯಾರ ಮನೆಯದೋ ಆ ಮನೆಯವರಿಗಷ್ಟೇ ಕಾಣುತ್ತದೆ. ನಮ್ಮ ಮನೆಗೆ ಬಂದದ್ದು ಶ್ರವಣ, ಜೊತೆಗೆ ಅದರ ಆಚೀಚೆ ಇರುವ, ಯಾರೂ ಹೆಸರಿಡದ ಕೆಲವು ಮಂಕು ಚಿಕ್ಕಿಗಳು. ಕತ್ತಲಾದ ಮೇಲೆ ತಲೆಯೆತ್ತಿದರೆ ನನಗೆ ಕಾಣುವುದು ಅಷ್ಟೇ, ಮಿಕ್ಕಿದ್ದೆಲ್ಲ ಒರೆಸಿಟ್ಟ ಕರಿಹಲಗೆ. ಪಕ್ಕದ ಪತ್ತಾರರ ಮನೆಯವರಿಗೆ ಸಪ್ತರ್ಷಿಗಳಲ್ಲಿ ಒಬ್ಬ ಋಷಿ ಕಾಣುತ್ತಾನೆ. ಉಳಿದವರು ಯಾರ ಯಾರ ಮನೆಯಲ್ಲಿದ್ದಾರೋ ಅವರಿಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಸೂರ್ಯ, ಚಂದ್ರ, ಗ್ರಹಗಳು ಮಾತ್ರ ಎಲ್ಲರಿಗೂ ಕಾಣುತ್ತವೆ. "ಗ್ರಹ ಅಂದ್ರ ಗಾಂವಠಾಣ ಇದ್ದಂಗ, ಯಾರ ಅಪ್ಪಂದೂ ಅಲ್ಲ" ಎಂದು ನನ್ನ ಅಪ್ಪ ಕ್ಲಾಸಿನಲ್ಲಿ ಹೇಳುತ್ತಿದ್ದ. ಊರ ಹೊರಗಿನ ಸರಕಾರಿ ಜಾಗದಲ್ಲಿ ದನ ಕಟ್ಟಿ ಶಾಲೆಗೆ ಬರುತ್ತಿದ್ದ ಮಕ್ಕಳಿಗೆ ಆ ಮಾತು ತಕ್ಷಣ ತಿಳಿಯುತ್ತಿತ್ತು.

ಹೆಣ್ಣುಮಕ್ಕಳ ವಿಷಯ ಬೇರೆ. ಲಗ್ನದ ದಿನ ಸಂಜೆ ಅತ್ತೆಯಾದವಳು ಸೊಸೆಯನ್ನು ಮಾಳಿಗೆಯ ಮೇಲೆ ಕರೆದೊಯ್ದು, ಗಲ್ಲ ಹಿಡಿದು ಮುಖ ಮೇಲೆತ್ತಿ, ತಮ್ಮ ಮನೆಯ ಚಿಕ್ಕಿ ಕಂಡಿತೇ ಎಂದು ಕೇಳುತ್ತಾಳೆ. ಕಂಡಿತು ಎಂದು ಸೊಸೆ ತಲೆಯಾಡಿಸುತ್ತಾಳೆ. ಕೆಳಗೆ ಬ್ಯಾಂಡಿನವರು ಬಾರಿಸುತ್ತಾರೆ. ಅಷ್ಟು ಹೊತ್ತಿಗೆ ತವರಿನ ಚಿಕ್ಕಿ ಅವಳ ಪಾಲಿಗೆ ಆರಿಹೋಗಿರುತ್ತದೆ. ನನ್ನ ಗಲ್ಲವನ್ನು ಯಾರೂ ಹಾಗೆ ಹಿಡಿಯಲಿಲ್ಲವಾದ್ದರಿಂದ ನನಗೆ ಇವತ್ತಿಗೂ ಶ್ರವಣ ಕಾಣುತ್ತದೆ. ಅದು ನನ್ನ ಪುಣ್ಯವೆಂದು ಓಣಿಯ ಹೆಂಗಸರು ಹೇಳುತ್ತಾರೆ. ಹೇಳುವಾಗ ಅವರ ಮುಖ ನೋಡಬೇಕು.

ಅಪ್ಪನ ಹೆಸರು ಕಲ್ಲಿನಾಥ. ಊರಿಗೆಲ್ಲ ಕಲ್ಲಿನಾಥ ಮಾಸ್ತರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಮೃಗಶಿರೆಯ ಬೇಟೆಗಾರನನ್ನು ಅವನ ನಡುಪಟ್ಟಿಯ ಸಮೇತ ಹಲಗೆಯ ಮೇಲೆ ಚಾಕ್‌ಪೀಸಿನಿಂದ ಬಿಡಿಸುತ್ತಿದ್ದ. ಅದರಲ್ಲಿ ಒಂದು ಚುಕ್ಕೆಯನ್ನೂ ಅವನು ಆಕಾಶದಲ್ಲಿ ಕಂಡವನಲ್ಲ. ಪುಸ್ತಕ ಹೇಳಿದ್ದನ್ನು ನಂಬಿ ಮಕ್ಕಳಿಗೆ ನಂಬಿಸಿದ. ಆದರೆ ಗ್ರಹಗಳ ಪಾಠ ಬಂದರೆ ಅವನ ಧ್ವನಿಯೇ ಬದಲಾಗುತ್ತಿತ್ತು, ಯಾಕೆಂದರೆ ಅವು ಅವನು ತೋರಿಸಬಲ್ಲಂಥವು. ಶುಕ್ರ, ಮಂಗಳ, ಗುರು, ಶನಿ ಎಂದು ಸಂಜೆ ಶಾಲೆಯ ಬಯಲಿನಲ್ಲಿ ಬೆರಳಿಟ್ಟು ತೋರಿಸುತ್ತಿದ್ದ. ಕೊನೆಯದು ನೆಪ್ಚೂನ್, ಬಣ್ಣ ನೀಲಿ, ಬರಿಗಣ್ಣಿಗೆ ಕಾಣುವುದಿಲ್ಲ ಎಂದು ಮುಗಿಸುತ್ತಿದ್ದ. ಒಂದು ಸಲ ಅವನದೇ ಕ್ಲಾಸಿನಲ್ಲಿ ಕೂತಿದ್ದ ನನ್ನ ತಂಗಿ ಇಂದುಮತಿ ಎದ್ದು ನಿಂತು, "ನೀವು ನೋಡೀರೇನ್ರಿ ಸರ?" ಎಂದು ಕೇಳಿದಳಂತೆ. ಅವನಿಗೆ ಸಿಟ್ಟು ಬರಲಿಲ್ಲ. ಮನೆಗೆ ಬಂದು ಅದನ್ನು ಅವ್ವನ ಮುಂದೆ ಹೇಳಿ ಹೇಳಿ ಹಿಗ್ಗಿದ. ಅವತ್ತಿನಿಂದ ಅವನಿಗೆ ನೆಪ್ಚೂನ್ ನೋಡುವ ಹುಚ್ಚು ಹತ್ತಿತು. ನೋಡಲು ಸಾಧನವೇನೂ ಇರಲಿಲ್ಲ. ಹುಚ್ಚು ಮಾತ್ರ ಉಳಿಯಿತು.

ಹೋದ ವರ್ಷ ಹಳೆಯ ವಿದ್ಯಾರ್ಥಿಗಳು ಸೇರಿ ಗುರುವಂದನೆ ಇಟ್ಟುಕೊಂಡರು. ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರದ ಜೊತೆ ಏನು ಕೊಟ್ಟರೆ ಸರ್‌ಗೆ ಖುಷಿಯಾದೀತು ಎಂದು ಅವರಲ್ಲೊಬ್ಬ ನನಗೆ ಫೋನ್ ಮಾಡಿ ಕೇಳಿದ. ನಾನು ಹೇಳಿದೆ. ಹಾಗೆ ಬಂತು ಆ ದುರ್ಬೀನು, ಕಂಪ್ಯೂಟರ್ ಇರುವಂಥದ್ದು, ಆಳೆತ್ತರದ ಪೆಟ್ಟಿಗೆಯಲ್ಲಿ. ಬೇಕಾದ ಗ್ರಹದ ಹೆಸರು ಒತ್ತಿದರೆ ತಾನೇ ತಿರುಗಿ ಅದರ ಮೇಲೆ ನಿಲ್ಲುತ್ತದಂತೆ. ಪೆಟ್ಟಿಗೆಯ ಮೇಲೆ ಅಪ್ಪನ ಕೈ ಇಡಿಸಿ ಎಲ್ಲರೂ ಫೋಟೊ ತೆಗೆಸಿಕೊಂಡರು. ಗೋದಿ ಹುಗ್ಗಿ ಉಂಡರು. ಬಸ್ಸಿನ ಹೊತ್ತಾಯಿತೆಂದು ಹೋದರು. ಪೆಟ್ಟಿಗೆಯನ್ನು ಮನೆಗೆ ತಂದದ್ದು ನಾನು, ಹಮಾಲರ ಗಾಡಿಯಲ್ಲಿ.

ಅಪ್ಪನಿಗೆ ಆಗಲೇ ಗ್ಲಾಕೋಮಾ ಬಲಿತಿತ್ತು. ಎಡಬಲದಲ್ಲಿ ಬಂದವರು ಅವನಿಗೆ ಕಾಣುತ್ತಿರಲಿಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತಿತ್ತು. ಆ ನಡುವಿನದೂ ಹೆಚ್ಚು ದಿನ ಇರುವುದಿಲ್ಲವೆಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಅಪ್ಪನಿಗೆ ಅದನ್ನು ಹೇಳುವ ಅಗತ್ಯವಿರಲಿಲ್ಲ. ಅವನು ಕಣ್ಣಿನ ಪಾಠವನ್ನೂ ಕಲಿಸಿದವನು.

ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟವಳು. ಯಂತ್ರದ ಹೊಟ್ಟೆ ಬಿಚ್ಚಿ ಸಿಕ್ಕಿಬಿದ್ದ ಕಾಗದ ಎಳೆದು ರೂಢಿ. ದುರ್ಬೀನಿನ ಜೊತೆ ಬಂದ ಪುಸ್ತಕವನ್ನು ಅಂಗಡಿಗೆ ಒಯ್ದು ಗಿರಾಕಿಗಳ ನಡುವೆ ಓದಿದೆ. ಮಾಳಿಗೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಗೌಂಡಿಯವರ ರಸಮಟ್ಟದಂತೆ ಅದರಲ್ಲೇ ಇದ್ದ ಗುಳ್ಳೆಯನ್ನು ನಡುವಿಗೆ ತಂದೆ. ಕೊಳವೆಯ ಬೆನ್ನ ಮೇಲೆ ಗುರಿ ಹಿಡಿಯುವ ಪುಟ್ಟ ಕಿಂಡಿಯಿತ್ತು, ಒಳಗೆ ಕೆಂಪು ಚುಕ್ಕೆ. ಅದೂ ಕೊಳವೆಯೂ ಒಂದೇ ಕಡೆ ನೋಡಬೇಕು, ಅದನ್ನು ಹಗಲಲ್ಲೇ ಹೊಂದಿಸಿಕೊಳ್ಳಬೇಕು ಎಂದು ಪುಸ್ತಕ ಹೇಳಿತ್ತು. ದೂರದ ನೀರಿನ ಟಾಕಿಯ ಮೇಲಿನ ಮಿಂಚುಬಂಧಕದ ತುದಿಯನ್ನು ಹಿಡಿದು ಹೊಂದಿಸಿದೆ. ಅಪ್ಪ ಕಣ್ಣಿಟ್ಟು ನೋಡಿ, ಟಾಕಿ ತಲೆಕೆಳಗಾಗಿದೆ, ನೀರು ಚೆಲ್ಲೀತು ಎಂದು ನಕ್ಕ. ಅವನು ಹಾಗೆ ನಕ್ಕು ಬಹಳ ದಿನಗಳಾಗಿದ್ದವು.

ರಿಮೋಟಿನಂಥ ಗುಂಡಿಪೆಟ್ಟಿಗೆ ಮೊದಲು ಊರು ಯಾವುದೆಂದು ಕೇಳಿತು. ಅದರ ಪಟ್ಟಿಯಲ್ಲಿ ನಮ್ಮ ಊರು ಇರಲಿಲ್ಲ. ನಮ್ಮ ಊರು ಯಾರ ಪಟ್ಟಿಯಲ್ಲೂ ಇಲ್ಲ. ಅಕ್ಷಾಂಶವನ್ನು ಅಪ್ಪನೇ ಹೇಳಿದ, ಹಿಂದೆ ಮಕ್ಕಳನ್ನು ಕಟ್ಟಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಕೋಲಿನ ನೆರಳು ಅಳೆದು ಲೆಕ್ಕ ಹಾಕಿದ್ದನಂತೆ. ರೇಖಾಂಶ ಅಂದಾಜಿನದು. ತಾರೀಖು ಕೇಳಿದಾಗ ಅದಕ್ಕೆ ತಿಂಗಳು ಮೊದಲು ಬೇಕಿತ್ತು, ನಾನು ದಿನ ಮೊದಲು ಹಾಕಿ ಒಂದು ಸಂಜೆ ಹಾಳುಮಾಡಿದೆ. ಇಷ್ಟಾದ ಮೇಲೆ ಯಂತ್ರಕ್ಕೆ ಆಕಾಶದ ಗುರುತು ಹತ್ತಬೇಕು. ಅದಕ್ಕೆ ಎರಡು ಚಿಕ್ಕಿಗಳನ್ನು ತೋರಿಸಬೇಕು. ಹೆಸರುವಾಸಿ ಚಿಕ್ಕಿಗಳು, ಒಂದಕ್ಕೊಂದು ದೂರ ಇರುವಂಥವು. ಯಂತ್ರ ತಾನೇ ಅಂದಾಜಿನ ಮೇಲೆ ತಿರುಗುತ್ತದೆ. ನಾವು ಬಾಣದ ಗುಂಡಿಗಳನ್ನು ಒತ್ತಿ ಚಿಕ್ಕಿಯನ್ನು ಸರಿಯಾಗಿ ನಡುವಿಗೆ ತಂದು ಒಪ್ಪಿಗೆ ಕೊಡಬೇಕು. ಹಾಗೆ ಎರಡು ಸಲ. ಆಮೇಲೆ ಅದು ಏನು ಕೇಳಿದರೂ ಹುಡುಕಿಕೊಡುತ್ತದೆ.

ಕಾರ್ತಿಕದ ಸಂಜೆ, ಚಂದ್ರನಿಲ್ಲದ ದಿನ ನೋಡಿ ಶುರುಮಾಡಿದೆವು. ಶ್ರವಣ ಪಶ್ಚಿಮಕ್ಕೆ ವಾಲಿತ್ತು. ಯಂತ್ರ ಗುಂಯ್ ಎಂದು ತಿರುಗಿ ಅದರಿಂದ ಅಷ್ಟು ದೂರ ನಿಂತಿತು. ರೇಖಾಂಶ ಅಂದಾಜಿನದಲ್ಲವೇ. ನಾನು ಬಾಣದ ಗುಂಡಿ ಒತ್ತಿ ಒತ್ತಿ ನಡುವಿಗೆ ತಂದೆ, ಒಪ್ಪಿಗೆ ಕೊಟ್ಟೆ. ಯಂತ್ರ ಪೂರ್ವಕ್ಕೆ ತಿರುಗಿತು. ಪತ್ತಾರರ ಛಾವಣಿಯ ಮೇಲಿನ ಕತ್ತಲನ್ನು ನೋಡುತ್ತ ನಿಂತು, ರೋಹಿಣಿಯನ್ನು ನಡುವಿಗೆ ತರಲು ಹೇಳಿತು. ಕಣ್ಣಿಟ್ಟೆ. ಕಪ್ಪು. ರೋಹಿಣಿ ನಮ್ಮ ಮನೆಯದಲ್ಲ.

ಬೇರೆ ಯಾವುದಾದರೂ ಆದೀತೇ ಎಂದು ಪಟ್ಟಿ ನೋಡಿದೆ. ನಮ್ಮ ಮಂಕು ಚಿಕ್ಕಿಗಳ ಹೆಸರು ಅದರಲ್ಲಿರಲಿಲ್ಲ. ಇದ್ದಿದ್ದರೂ ಅವು ಶ್ರವಣದ ಮಗ್ಗುಲಲ್ಲೇ ಇರುವಂಥವು, ಉಪಯೋಗವಿಲ್ಲ. ಆ ಹೊತ್ತಿಗೆ ಈಶಾನ್ಯದಲ್ಲಿ ಬ್ರಹ್ಮಹೃದಯ ಇರುತ್ತದೆಂದು ಅಪ್ಪ ಹೇಳಿದ. ಆ ಚಿಕ್ಕಿಯ ಮನೆಯವರು ಬೀಗ ಹಾಕಿ ಊರು ಬಿಟ್ಟಿದ್ದಾರೆ, ಅವರ ಚಿಕ್ಕಿ ಈಗ ಯಾರಿಗೂ ಕಾಣುವುದಿಲ್ಲ. ಗುರುತಿನವರಲ್ಲಿ ಉಳಿದದ್ದು ರೋಹಿಣಿ ಒಂದೇ. ರೋಹಿಣಿ ಇದ್ದದ್ದು ಇಂದುವಿನ ಗಂಡನ ಮನೆಯಲ್ಲಿ.

ಇಂದು ನನಗಿಂತ ಚಿಕ್ಕವಳು, ನನಗಿಂತ ಚುರುಕಿನವಳು. ಹೈಸ್ಕೂಲು ಮುಗಿಯುತ್ತಲೇ ಅವಳನ್ನು ಕೇಳಿಕೊಂಡು ಬಂದರು. ರೋಹಿಣಿಯಂಥ ಚಿಕ್ಕಿ ಊರಲ್ಲಿ ಎಷ್ಟು ಮನೆಗಿದೆ ಎಂದು ಎಲ್ಲರೂ ಅಂದರು. ಸಿಮೆಂಟು ಕಬ್ಬಿಣದ ಅಂಗಡಿ, ಎರಡಂತಸ್ತಿನ ಮನೆ, ಹುಡುಗ ಮಹಾರುದ್ರ ನೋಡಲು ಲಕ್ಷಣವಾಗಿದ್ದ. ಕಾಲೇಜಿಗೆ ಕಳಿಸು ಎಂದು ಅವ್ವ ಒಂದು ಸಲ ಹೇಳಿದಳು, ಎರಡನೆಯ ಸಲ ಹೇಳಲಿಲ್ಲ. ಲಗ್ನವಾಗಿ ವರ್ಷ ತುಂಬುವ ಮೊದಲೇ ಒಂದು ಮಧ್ಯಾಹ್ನ ಇಂದು ಒಬ್ಬಳೇ ಮನೆಗೆ ಬಂದಿದ್ದಳು. ಅವ್ವ ಬೀಸುವ ಗಿರಣಿಗೆ ಹೋಗಿದ್ದಳು, ನಾನು ಟೈಪಿಂಗ್ ಕ್ಲಾಸಿಗೆ ಹೋಗಿದ್ದೆ. ನಾವು ಬರುವಷ್ಟರಲ್ಲಿ ಅಪ್ಪ ಅವಳನ್ನು ವಾಪಸು ಕಳಿಸಿಯಾಗಿತ್ತು. ಅವಳಿಗೆ ಮಾಡಿಕೊಟ್ಟ ಚಹಾ ಕೆನೆಗಟ್ಟಿ ಕಟ್ಟೆಯ ಮೇಲೆ ಹಾಗೇ ಇತ್ತು. ಯಾಕೆ ಬಂದಿದ್ದಳು ಎಂದು ಅವ್ವ ಕೇಳಿದರೆ, "ಏನಿಲ್ಲ, ಹೊಸಾ ಮನಿ, ರೂಢಿ ಆಗಿಲ್ಲ, ಆಗತೈತಿ" ಎಂದ. ಆಮೇಲೆ ಇಂದು ನಮ್ಮ ಮನೆಯ ಮೆಟ್ಟಿಲು ಹತ್ತಿದ್ದು ಅವ್ವ ಸತ್ತ ದಿನ ಮಾತ್ರ. ಹೆಣದ ಕಾಲ ಹತ್ತಿರ ಕೂತಿದ್ದು, ಮಣ್ಣಿಗೆ ಒಯ್ಯುತ್ತಲೇ ಎದ್ದು ಹೋದಳು, ನಮ್ಮ ಮನೆಯ ನೀರನ್ನೂ ಕುಡಿಯಲಿಲ್ಲ. ಒಂದೇ ಊರು. ಸಂತೆಯಲ್ಲಿ ಎದುರಾದರೆ ನನ್ನ ಜೊತೆ ಎರಡು ಮಾತಾಡುತ್ತಿದ್ದಳು. ಅಪ್ಪನ ಹೆಸರು ಎತ್ತಿದರೆ ತೂಕದವನ ಕಡೆ ತಿರುಗಿ ಬದನೆಕಾಯಿ ಆರಿಸತೊಡಗುತ್ತಿದ್ದಳು.

ರೋಹಿಣಿ ಮನೆಗೆ ಹೋಗುವುದು ಬೇಡ ಎಂದು ಅಪ್ಪ ಮೊದಲು ಅಂದ. ಪ್ರತಿ ಸಂಜೆ ಮಾಳಿಗೆ ಹತ್ತಿ, ಪೂರ್ವದ ಕಡೆ ಮುಖ ಮಾಡಿ ನಿಂತ ಕೊಳವೆಯನ್ನು ಕೈಯಿಂದ ಸವರಿ ಇಳಿಯುತ್ತಿದ್ದ. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ತಟ್ಟೆ ನೋಡುತ್ತ, "ಕೇಳಿ ನೋಡು" ಎಂದ.

ನಾನು ಕೇಳಿದ್ದು ಮಹಾರುದ್ರನನ್ನು, ಅವನ ಅಂಗಡಿಯಲ್ಲಿ. ಸ್ವಲ್ಪ ಹೊತ್ತು ಬಂದು ರೋಹಿಣಿಯನ್ನು ನಡುವಿಗೆ ತಂದುಕೊಟ್ಟರೆ ಸಾಕು ಎಂದೆ. ಅವನು ಕೆಟ್ಟ ಮನುಷ್ಯನಲ್ಲ. ನನಗೆ ಕುರ್ಚಿ ಹಾಕಿಸಿದ, ಸೋಡಾ ತರಿಸಿದ. ಸಂಜೆ ಲೋಡು ಬರುವ ಹೊತ್ತು, ತನಗೆ ಬಿಡುವಾಗುವುದಿಲ್ಲ ಎಂದ. "ಇಂದೂನ ಕರಕೊಂಡ ಹೋಗ್ರಿ ಅಕ್ಕಾರ. ನಮ್ಮ ಚಿಕ್ಕಿ ನೋಡಾಕ ನಮ್ಮ ಮನ್ಯಾಗಿನ ಯಾವ ಕಣ್ಣಾದ್ರೇನು." ಒಳಬಾಗಿಲಲ್ಲಿ ಇಂದು ನಿಂತಿದ್ದಳು. ಅವಳ ಹಿಂದೆ ಮಗಳು ಕಸ್ತೂರಿ ಇದ್ದಳು, ಅವಳಿಗೆ ಆ ತಿಂಗಳಷ್ಟೇ ಹಸ್ತದ ಮನೆಯಲ್ಲಿ ಗೊತ್ತುಮಾಡಿದ್ದರು. ಅಮ್ಮನ ಬದಲು ತಾನು ಬರಲೇ ದೊಡ್ಡವ್ವ ಎಂದು ಹುಡುಗಿ ಕೇಳಿದಳು. ಬೇಡ ಎಂದು ಇಂದು ತಕ್ಷಣ ಹೇಳಿದಳು. "ನಾನs ಹೋಗ್ತೀನಿ."

ಮರುದಿನ ದೀಪ ಹಚ್ಚಿದ ಮೇಲೆ ಅವಳು ಬಂದಳು. ಒಳಗೆ ಬರದೆ, ಹೊರಗಿನ ಮೆಟ್ಟಿಲಿನಿಂದ ನೇರ ಮಾಳಿಗೆಗೆ ಹತ್ತಿದಳು. ಅಪ್ಪ ಸ್ವೆಟರ್, ಮಂಗನಟೋಪಿ ಹಾಕಿಕೊಂಡು ಬೆತ್ತದ ಕುರ್ಚಿಯಲ್ಲಿ ಮೊದಲೇ ಕೂತಿದ್ದ. ಬಂದ್ಯಾ ಎಂದ. ಅವಳು ಯಂತ್ರದ ಸುತ್ತ ಒಂದು ಸುತ್ತು ಬಂದು, ಯಾವ ಗುಂಡಿ ಏನು ಎಂದು ನನ್ನನ್ನು ಕೇಳಿದಳು. ಒಂದು ಸಲ ಹೇಳಿದ್ದು ಸಾಕಾಯಿತು. ಶ್ರವಣವನ್ನು ನಾನು ನಡುವಿಗೆ ತಂದು ಒಪ್ಪಿಗೆ ಕೊಟ್ಟೆ. ಯಂತ್ರ ಪೂರ್ವಕ್ಕೆ ತಿರುಗಿ ನಿಂತಿತು. ಇಂದು ಬಗ್ಗಿ ಕಣ್ಣಿಟ್ಟಳು, ಸೆರಗು ಹಿಂದೆ ಸರಿಸಿದಳು, ಒಪ್ಪಿಗೆ ಗುಂಡಿ ಒತ್ತಿದಳು. ಜೋಡಣೆ ಆಯಿತು ಎಂದು ಯಂತ್ರ ತೋರಿಸಿತು. ಅಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದ. ನೆಪ್ಚೂನ್ ಎಂದು ಒತ್ತಿದೆ. ಅದು ತಲೆಯ ಮೇಲಕ್ಕೆ ತಿರುಗಿ ನಿಂತಿತು. ಕಣ್ಣಿಟ್ಟೆ. ಏನೂ ಇಲ್ಲ.

ನಮ್ಮ ಊರಿನವರಿಗೆ ಇದರಲ್ಲಿ ಒಂದು ಅನುಕೂಲವಿದೆ. ಬೇರೆಯವರ ಹಾಗೆ ನೂರು ಚಿಕ್ಕಿಗಳಲ್ಲಿ ಗ್ರಹ ಯಾವುದೆಂದು ಹುಡುಕಬೇಕಾಗಿಲ್ಲ. ಕಂಡದ್ದೇ ಗ್ರಹ. ಆದರೆ ಅಲ್ಲಿ ಕಾಣುವಂಥದ್ದೇ ಇರಲಿಲ್ಲ. ಮತ್ತೆ ಮೊದಲಿಂದ ಮಾಡಿದೆವು. ಮತ್ತೆ ಜೋಡಣೆ ಆಯಿತು, ಮತ್ತೆ ಕಪ್ಪು. ರಸಮಟ್ಟ ನೋಡಿದೆ, ಬ್ಯಾಟರಿ ನೋಡಿದೆ. ಮೂರನೆಯ ಸಲ ನಾನು ಆಕಾಶ ಬಿಟ್ಟು ಇಂದುವಿನ ಕೈಯನ್ನು ನೋಡುತ್ತ ನಿಂತೆ. ಶ್ರವಣವನ್ನು ನಡುವಿಗೆ ತರಲು ನನಗೆ ಪ್ರತಿ ಸಲ ಬಾಣದ ಗುಂಡಿಗಳನ್ನು ಒತ್ತಿ ಒತ್ತಿ ಬೆರಳು ನೋಯುತ್ತಿತ್ತು. ಇಂದು ಆ ಗುಂಡಿಗಳನ್ನು ಮುಟ್ಟಲೇ ಇಲ್ಲ. ಯಂತ್ರ ಎಲ್ಲಿ ನಿಂತಿತೋ ಅಲ್ಲೇ ಹೌದು ಎಂದು ಒಪ್ಪಿಗೆ ಕೊಟ್ಟಳು.

ರೋಹಿಣಿ ನಡುವಿಗಿತ್ತೇ ಎಂದು ಮೆಲ್ಲಗೆ ಕೇಳಿದೆ. ಇತ್ತು ಎಂದಳು. ಯಾವ ಬಣ್ಣ ಎಂದು ಕೇಳಿದೆ. ಅವಳು ನನ್ನನ್ನು ನೋಡಿದಳು. ಬಿಳಿ ಎಂದಳು. ರೋಹಿಣಿ ಕೆಂಪೆಂದು ಅಪ್ಪನ ಕ್ಲಾಸಿನಲ್ಲಿ ಕೂತ ಎಲ್ಲರಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಹೇಳಿದ ಮೇಲೆ ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಇನ್ನು ಸಾಕು ಅನ್ನುವ ಹಾಗೆ ಕೈಯಲ್ಲಿದ್ದ ಗುಂಡಿಪೆಟ್ಟಿಗೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು.

"ನಂಗ ರೋಹಿಣಿ ಕಾಣಂಗಿಲ್ಲ ಅಕ್ಕಾ" ಎಂದಳು. "ಎಂದೂ ಕಂಡಿಲ್ಲ."

ಲಗ್ನದ ದಿನ ಅತ್ತೆ ಗೌರವ್ವ ಗಲ್ಲ ಹಿಡಿದು ಕೇಳಿದಾಗ ತಲೆಯಾಡಿಸಿದಳಂತೆ. ಕೆಳಗೆ ಬ್ಯಾಂಡು ಬಾರಿಸುತ್ತಿತ್ತು, ಜನ ಕಾಯುತ್ತಿದ್ದರು. ನಾಳೆ ಕಂಡೀತು ಎಂದುಕೊಂಡಳು, ನಾಡಿದ್ದು ಕಂಡೀತು ಎಂದುಕೊಂಡಳು. ಶ್ರವಣ ಆರಿತ್ತು, ರೋಹಿಣಿ ಹತ್ತಲಿಲ್ಲ. ಆ ಮನೆಯಲ್ಲಿ ಯಾರೂ ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಉಣ್ಣಲು ಉಡಲು ಕಡಿಮೆ ಮಾಡಲಿಲ್ಲ. ಬೀಗದ ಕೈ ಕೊಡಲಿಲ್ಲ, ಮಾತು ಕೇಳಲಿಲ್ಲ, ಅಷ್ಟೇ. ಮಹಾರುದ್ರ ಅವಳನ್ನು ನಮ್ಮ ಮನೆಯವಳು ಅನ್ನುತ್ತಿದ್ದ, ಮನೆಗೆ ಅದು ಗೊತ್ತಿರಲಿಲ್ಲ. ಸಂಜೆ ಎಲ್ಲರೂ ಮಾಳಿಗೆಯ ಮೇಲೆ ಹಾಸಿಕೊಂಡು ತಮ್ಮ ಚಿಕ್ಕಿಯ ಕೆಂಪನ್ನು ಹೊಗಳುವಾಗ ಅವಳೂ ಹೂಂಗುಟ್ಟುತ್ತಿದ್ದಳು. ಎತ್ತ ನೋಡಬೇಕೆಂದು ಕಸ್ತೂರಿ ಚಿಕ್ಕವಳಿದ್ದಾಗ ಬೆರಳು ಮಾಡಿ ತೋರಿಸಿದ ಮೇಲೆ ಗೊತ್ತಾಯಿತಂತೆ. ಇದನ್ನೆಲ್ಲ ಅವಳು ನನಗೆ ಹೇಳಿದಳು, ಅಪ್ಪ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಗ್ರಹಗಳು ಬಂದ ತಿಂಗಳುಗಳಲ್ಲಿ ಹೇಗೋ ನಡೆಯುತ್ತದೆ, ಅವು ಸೂರ್ಯನ ಹಿಂದೆ ಹೋದಾಗ ಮೇಲೆ ನೋಡುವುದನ್ನೇ ಬಿಡುತ್ತೇನೆ ಎಂದಳು.

ಅಪ್ಪ ಕುರ್ಚಿಯನ್ನು ಅವಳ ಧ್ವನಿಯ ಕಡೆ ತಿರುಗಿಸಿಕೊಂಡ. ಆಮೇಲೆ, "ನಂಗ ಯಾಕ ಹೇಳಲಿಲ್ಲ ಇಂದು" ಎಂದ.

"ಹೇಳಿದ್ದೆ" ಎಂದಳು ಅವಳು. ಆಗ ಮಾತ್ರ ಅವನ ಕಡೆ ತಿರುಗಿದ್ದಳು. "ಅದನ್ನs ಹೇಳಾಕ ಬಂದಿದ್ದೆ ಅವತ್ತು. ಚಹಾ ಮಾಡಿಕೊಟ್ಟು, ರೂಢಿ ಆಗತೈತಿ ಹೋಗು ಅಂದ್ರಿ."

ಚಿಕ್ಕವಳಿದ್ದಾಗಿನಿಂದ ಮನೆಯಲ್ಲಿ ಅವನಿಗೆ ನೀ ಅನ್ನುತ್ತಿದ್ದವಳು. ಈಗ ನೀವು ಅಂದಳು. ಅವಳು ಚಪ್ಪಲಿ ಮೆಟ್ಟಿಕೊಂಡು ಬಂದ ಮೆಟ್ಟಿಲಿನಿಂದಲೇ ಇಳಿದು ಹೋದಳು. ನಾನು ಕೊಳವೆಗೆ ಮುಚ್ಚಳ ಹಾಕಿದೆ.

ಅಲ್ಲಿಗೇ ಅದು ನಿಂತಿದ್ದರೆ ಆಗುತ್ತಿತ್ತು. ಅಪ್ಪನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಕಾಣುತ್ತದೆ. ಬೆಳಿಗ್ಗೆ ಇಸ್ತ್ರಿ ಮಾಡಿದ ಧೋತರ ಉಟ್ಟು, ಗುರುವಂದನೆಯ ಶಾಲು ಹೊದ್ದು, ತನ್ನನ್ನು ರೋಹಿಣಿ ಮನೆಗೆ ಕರೆದುಕೊಂಡು ಹೋಗು ಎಂದ. ಏನು ಮಾತಾಡುತ್ತೀ ಎಂದು ಕೇಳಿದರೆ ಹೇಳಲಿಲ್ಲ. ತಪ್ಪಾಯಿತು ಅನ್ನಲು ಹೊರಟಿದ್ದಾನೆಂದು ನಾನು ತಿಳಿದೆ. ಕೈ ಹಿಡಿದು ನಡೆಸಿಕೊಂಡು ಹೋದೆ. ಅಂಗಡಿಯ ಮುಂದೆ ಲಾರಿ ನಿಂತು ಸಿಮೆಂಟು ಇಳಿಯುತ್ತಿತ್ತು, ಓಣಿಯ ಅರ್ಧ ಜನ ಅಲ್ಲೇ ಇದ್ದರು. ಮಹಾರುದ್ರ ಓಡಿಬಂದು ಕಾಲು ಮುಟ್ಟಿ ಕುರ್ಚಿ ಹಾಕಿಸಿದ. ಅಪ್ಪ ಕೂರಲಿಲ್ಲ.

"ನನ್ನ ಮಗಳಿಗೆ ನಿಮ್ಮ ಚಿಕ್ಕಿ ಕಾಣಂಗಿಲ್ಲ" ಎಂದ. "ಇಷ್ಟು ವರ್ಷದಾಗ ಒಂದು ದಿನಾನೂ ಕಂಡಿಲ್ಲ. ಅಕೀನ್ನ ನೀವು ಮನ್ಯಾಕಿ ಅಂತ ಹಿಡದs ಇಲ್ಲ. ನಾ ಕರಕೊಂಡ ಹೋಗಾಕ ಬಂದೀನಿ."

ಕಣ್ಣು ಹೋದರೂ ಅವನ ಧ್ವನಿ ಹಾಗೇ ಇದೆ, ಕೊನೆಯ ಬೆಂಚಿಗೆ ಮುಟ್ಟುವಂಥದ್ದು. ಹಮಾಲರು ಚೀಲ ಹೊತ್ತೇ ನಿಂತರು. ಗೌರವ್ವ ಹೊರಗೆ ಬಂದು, ತಮ್ಮ ಮನೆತನದಲ್ಲಿ ಇಂಥದ್ದು ಎಂದೂ ಆಗಿಲ್ಲ, ಕಾಣಲಿಲ್ಲ ಅಂದರೆ ಅದು ನೋಡುವವರ ಕಣ್ಣಿನ ದೋಷ, ಅದು ನಿಮ್ಮ ವಂಶದಲ್ಲೇ ಇದೆಯಲ್ಲ ಮಾಸ್ತರ ಎಂದಳು. ಮಹಾರುದ್ರನ ಮುಖ ನೋಡಿದರೆ ಅವನಿಗೆ ಇದು ನಿಜವಾಗಿಯೂ ಗೊತ್ತಿರಲಿಲ್ಲ ಅನಿಸಿತು. ಗೊತ್ತಿಲ್ಲದೆ ಇಷ್ಟು ವರ್ಷ ಮಗ್ಗುಲಲ್ಲಿ ಮಲಗಿದ್ದನಲ್ಲ ಎಂದೂ ಅನಿಸಿತು.

ಇಂದು ಒಳಗಿನಿಂದ ಬಂದಳು. ಕೈ ಒದ್ದೆಯಿತ್ತು. ಬಾ ಇಂದು, ಮನೆಗೆ ಹೋಗೋಣ ಎಂದು ಅಪ್ಪ ಅವಳಿದ್ದ ಕಡೆ ಕೈ ಚಾಚಿದ. ದಿಕ್ಕು ಸ್ವಲ್ಪ ತಪ್ಪಿತ್ತು, ಅವನ ಕೈ ಬಾಗಿಲ ಚೌಕಟ್ಟಿನ ಕಡೆ ಇತ್ತು. ಅವಳು ಆ ಕೈಯನ್ನೂ, ಓಣಿಯ ಜನರನ್ನೂ ನೋಡಿದಳು.

"ಬರೂವಾಕಿ ಬಂದಿದ್ದೆ. ಆಗ ಇಟಗೊಳ್ಳಲಿಲ್ಲ" ಎಂದಳು. "ಈಗ ನನ್ನ ಮಗಳ ಲಗ್ನ ಗೊತ್ತಾಗೈತಿ. ನೀವು ಏನ್ ಮಾಡಿದ್ರಿ ಅಂತ ನಿಮಗ ಇನ್ನೂ ತಿಳದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ಇವರನ್ನು ಕರೆದುಕೊಂಡು ಹೋಗು ಎಂದಳು. ಪರದೆಯ ಹಿಂದೆ ಕಸ್ತೂರಿಯ ಕಾಲುಗಳು ಕಾಣುತ್ತಿದ್ದವು.

ವಾರದೊಳಗೆ ಹಸ್ತದ ಮನೆಯವರು ಈ ಸಂಬಂಧ ಬೇಡವೆಂದು ಮಧ್ಯಸ್ಥನ ಕೈಯಲ್ಲಿ ಹೇಳಿಕಳಿಸಿದರು. ತಾಯಿಯ ಕಣ್ಣಿಗೆ ಗಂಡನ ಮನೆ ಹತ್ತದಿದ್ದರೆ ಮಗಳ ಕಣ್ಣಿಗೆ ಹತ್ತೀತೆಂದು ಹೇಗೆ ನಂಬುವುದು, ನಾಳೆ ಮಾಳಿಗೆಯ ಮೇಲೆ ನಿಲ್ಲಿಸಿದಾಗ ಹುಡುಗಿ ಸುಳ್ಳು ತಲೆಯಾಡಿಸಿದರೆ ಏನು ಮಾಡುವುದು ಎಂದರಂತೆ. ಕಸ್ತೂರಿ ಆ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಅಂಗಡಿಗೆ ಬಂದು ಅವನ ಫೋಟೊವನ್ನು ನನ್ನ ಹತ್ತಿರ ಲ್ಯಾಮಿನೇಷನ್ ಮಾಡಿಸಿಕೊಂಡು ಹೋಗಿದ್ದಳು. ಈ ಸುದ್ದಿಯನ್ನು ಅಪ್ಪನಿಗೆ ಹೇಳಿದಾಗ ಅವನು, ನಾನು ಇದ್ದದ್ದನ್ನೇ ಹೇಳಿದೆ ಎಂದ. ಹೌದು, ಅವನು ಯಾವತ್ತೂ ಇದ್ದದ್ದನ್ನೇ ಹೇಳಿದವನು. ಯಾವಾಗ ಹೇಳಬೇಕು, ಯಾರ ಮುಂದೆ ಹೇಳಬೇಕು ಅನ್ನುವುದು ಅವನ ಪಾಠದಲ್ಲಿರಲಿಲ್ಲ. ಅವನ ಮೇಲೆ ಸಿಟ್ಟು ಬಂದಾಗ ಅವನಿಗೆ ಅನ್ನ ಕಲಸಿಕೊಡಬೇಕಾಗುತ್ತಿತ್ತು, ತಟ್ಟೆಯ ಅಂಚಿನ ಪಲ್ಯ ಅವನಿಗೆ ಕಾಣುತ್ತಿರಲಿಲ್ಲ. ಸಿಟ್ಟು ಅಲ್ಲೇ ಉಳಿಯುತ್ತಿತ್ತು, ಅನ್ನ ಮುಗಿಯುತ್ತಿತ್ತು.

ಇಂದುವನ್ನು ಆ ಮನೆಯವರು ಹೊರಗೆ ಹಾಕಲಿಲ್ಲ. ಅವಳಿಗೆ ಏನನ್ನೂ ಹೇಳುವುದನ್ನು, ಏನನ್ನೂ ಕೇಳುವುದನ್ನು ಬಿಟ್ಟರು. ಎಲ್ಲಿಗೆ ಹೊರಟೆ ಎಂದೂ ಯಾರೂ ಕೇಳದಂತಾದ ಮೇಲೆ ಅವಳು ಒಂದು ದಿನ ನನ್ನ ಅಂಗಡಿಗೆ ಬಂದಳು, ದುರ್ಬೀನಿನ ಪುಸ್ತಕ ಬೇಕು ಎಂದಳು. ಜೆರಾಕ್ಸ್ ಮಾಡಿ ಪಿನ್ ಹೊಡೆದು ಕೊಟ್ಟೆ. ಹೋಗುವಾಗ, ಅಪ್ಪನ ಕಣ್ಣಿನ ನಡುವಿನ ಬೆಳಕೂ ಈ ತಿಂಗಳೋ ಬರುವ ತಿಂಗಳೋ ಅನ್ನುವಂತಿದೆ ಎಂದು ಹೇಳಿದೆ. ಅವಳು ಕೇಳಿಸಿಕೊಂಡಳು. ಪುಸ್ತಕವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಮಾರ್ಗಶಿರದಲ್ಲಿ ಒಂದು ಸಂಜೆ ಹೊರಗಿನ ಮೆಟ್ಟಿಲಿನ ಸಪ್ಪಳ ಕೇಳಿ ಮೇಲೆ ಹೋದರೆ, ಅವಳು ಆಗಲೇ ಕೊಳವೆಯ ಮುಚ್ಚಳ ತೆಗೆದಿದ್ದಳು. ಎರಡನೆಯ ಚಿಕ್ಕಿ ಬೇಕಾಗಿಲ್ಲ, ಮೊದಲನೆಯದೂ ಬೇಕಾಗಿಲ್ಲ ಎಂದಳು. ಚಿಕ್ಕಿಯ ಬದಲು ಗ್ರಹವೊಂದನ್ನು ತೋರಿಸಿ ಹೊಂದಿಸುವ ದಾರಿ ಯಂತ್ರದಲ್ಲೇ ಇದೆ, ನಾನು ಓದದೆ ಬಿಟ್ಟ ಹಾಳೆಯಲ್ಲಿತ್ತು. ಅಷ್ಟು ಕರಾರುವಾಕ್ಕಲ್ಲವಂತೆ, ಆದರೆ ಈ ವರ್ಷ ನೆಪ್ಚೂನ್ ಶನಿಯ ಮಗ್ಗುಲಲ್ಲೇ ಇದೆಯಾದ್ದರಿಂದ ನಡೆಯುತ್ತದೆ ಎಂದಳು. ಶನಿಯನ್ನು ಅವಳೇ ನಡುವಿಗೆ ತಂದಳು. ಬಾಣದ ಗುಂಡಿಗಳ ಮೇಲೆ ಅವಳ ಬೆರಳು ಓಡುವುದನ್ನು ನೋಡಿದೆ. ನನಗೂ ತೋರಿಸಿದಳು, ಉಂಗುರ ಈ ಸಲ ತೆಳ್ಳಗಿನ ಗೆರೆಯಷ್ಟೇ ಇತ್ತು. ಆಮೇಲೆ ನೆಪ್ಚೂನ್ ಎಂದು ಒತ್ತಿದಳು. ಯಂತ್ರ ತುಸುವೇ ಸರಿದು ನಿಂತಿತು.

ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ನನಗೆ ಬಿಟ್ಟುಕೊಟ್ಟಳು. ಕಪ್ಪಿನ ನಡುವೆ ಸೂಜಿಯ ಮೊನೆಯಷ್ಟು ನೀಲಿ. ಉರಿಯುವುದಿಲ್ಲ, ಮಿಟುಕುವುದಿಲ್ಲ, ಇದೆ ಅಷ್ಟೇ. ಇದಕ್ಕಾಗಿ ಇಷ್ಟೆಲ್ಲ ಆಯಿತೇ ಅನಿಸಿತು.

"ಇಷ್ಟs ಅಕ್ಕಾ" ಎಂದಳು ಇಂದು. "ಆದ್ರ ನಿಂಗ ಕಂಡದ್ದs ನಂಗೂ ಕಂಡೈತಿ." ಮತ್ತೆ ಬಗ್ಗಿ ಕಣ್ಣಿಟ್ಟಳು.

ಕೆಳಗೆ ಒಳಗಿನ ಮೆಟ್ಟಿಲ ಬುಡದಿಂದ ಅಪ್ಪನ ಧ್ವನಿ ಬಂತು. ಯಂತ್ರ ತಿರುಗುವ ಸಪ್ಪಳ ಅವನಿಗೆ ಕೇಳಿಸಿತ್ತು. ಸಿಕ್ಕಿತೇನು, ನಾನು ಬರಲೇ ಎಂದು ಕೇಳಿದ. ಇಂದು ಮುಖ ಎತ್ತಲಿಲ್ಲ. ಅವನು ಇನ್ನೊಮ್ಮೆ, ಮೆಲ್ಲಗೆ, ಅವಳ ಹೆಸರು ಹಿಡಿದು ಕರೆದ. ಅವಳು ನೋಡುತ್ತಲೇ ಇದ್ದಳು. ನಾನು ಕಾದೆ.

"ಮೋಡ ಐತಿ ಅಂತ ಹೇಳು" ಎಂದಳು.

ಆಕಾಶದಲ್ಲಿ ಒಂದು ಅರಳೆಯಷ್ಟೂ ಮೋಡವಿರಲಿಲ್ಲ. ನಾನು ಕೆಳಗಿಳಿದು ಹೋಗಿ ಹಾಗೆಯೇ ಹೇಳಿದೆ. ಅಪ್ಪ ಗೋಡೆ ಹಿಡಿದು ನಿಂತಿದ್ದ. ಮೋಡವಾದರೆ ಯಾರೇನು ಮಾಡಲಿಕ್ಕೆ ಬರುತ್ತದೆ ಎಂದ. ಮಂಗನಟೋಪಿ ತೆಗೆದು ಗೂಟಕ್ಕೆ ಹಾಕಿದ, ಅಲ್ಲೇ ನಿಂತು ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ತಡಕಿ ಬಿಚ್ಚತೊಡಗಿದ.